ಅಪ್ಪಯ್ಯ ‘ನಾನೊಂದು ಭಾರ’ ಅನ್ನುತ್ತಾರೆ, ಇದನ್ನು ಎಷ್ಟು ಗಂಭೀರವಾಗಿ ತಗೋಬೇಕು?

ಪ್ರಶ್ನೆ: ನಮ್ಮ ಊರು ತೀರ್ಥಹಳ್ಳಿ ಹತ್ತಿರ. ನಾನು ಸಂಸಾರ ಸಮೇತ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಂಗಿ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಅಪ್ಪಯ್ಯನಿಗೆ 76 ವರ್ಷ. ಎಂಟು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಆಮೇಲೆ ಅಪ್ಪಯ್ಯ ಮನೆಯಲ್ಲಿ ಒಬ್ಬರೇ. ಅವರಿಗೆ ಕಷ್ಟ ಆಗಬಾರದು ಅಂತ ಅಡಿಕೆ ತೋಟವನ್ನು ಈ ವರ್ಷ ನಾನೇ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡಿಸಿದೆ. ಹಸುವನ್ನೂ ಪಕ್ಕದ ಮನೆಯವರಿಗೆ ಕೊಟ್ಟೆವು. ಈಗ ಸೊಸೈಟಿ ಕಡೆ ಹೋಗುವುದನ್ನೂ ಬಿಟ್ಟಿದ್ದಾರೆ. ತುಂಬ ಇಳಿದುಹೋಗಿದ್ದಾರೆ, ಬಿಪಿ ಮಾತ್ರೆ ನೆನಪಾದರೆ ಉಂಟು ಇಲ್ಲದಿದ್ದರೆ ಇಲ್ಲ. ಕಿವಿ ಮಂದ, ಹಾಗಾಗಿ ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ ಇಟ್ಟುಬಿಡುತ್ತಾರೆ. ಕಳೆದ ಸಲ ಹೋದಾಗ ಬ್ಯಾಂಕಿನ ಕಾಗದ, ಪಹಣಿ ಎಲ್ಲ ಕೈಗೆ ಕೊಟ್ಟು ‘ನಾನಿನ್ನು ನಿಮಗೆಲ್ಲ ಭಾರ, ಬೇಗ ಹೋದರೆ ನೀವು ಆರಾಮಾಗಿರಬಹುದು’ ಅಂದರು. ಚಿಕ್ಕಪ್ಪ ‘ವಯಸ್ಸಾದ ಮೇಲೆ ಎಲ್ಲರೂ ಹೀಗೇ ಅನ್ನುವುದು’ ಅನ್ನುತ್ತಾರೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಅಂತ ತಂಗಿಯ ಹೆದರಿಕೆ. ಬೆಂಗಳೂರಿಗೆ ಕರೆತರಲೇ? ನಾನು ಸುಮ್ನೆ ಹೆದರುತ್ತಿದ್ದೇನಾ?

ಉತ್ತರ: ಸುಮ್ನೆ ಹೆದರುತ್ತಿಲ್ಲ. ನೀವು ಬರೆದಿರುವ ಒಂದೊಂದು ಸಂಗತಿಗೂ ಬೇರೆ ಬೇರೆ ಕಾರಣ ಇರಬಹುದು. ಆದರೆ ತೂಕ ಇಳಿಯುವುದು, ಮಾತ್ರೆ ಬಿಡುವುದು, ಜನರ ಜೊತೆ ಬೆರೆಯುವುದು ನಿಲ್ಲುವುದು, ಕಾಗದಪತ್ರ ಒಪ್ಪಿಸುವುದು, ಮೇಲಿಂದ ‘ಭಾರ’ ಅನ್ನುವ ಮಾತು ಇವೆಲ್ಲ ಒಟ್ಟಿಗೆ ಬಂದಾಗ ನಮ್ಮಂಥ ವೈದ್ಯರು ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದಿಲ್ಲ. ಈ ವಾರವೇ ನೋಡಬೇಕಾದ ವಿಷಯ ಇದು. ಜೊತೆಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಒಂಟಿತನದಲ್ಲಿರುವ ಹಿರಿಯರಲ್ಲಿ ಬಹುಪಾಲು ಜನ ಜೀವ ಕಳೆದುಕೊಳ್ಳುವ ದಾರಿ ಹಿಡಿಯುವುದಿಲ್ಲ. ನಿಮ್ಮ ತಂದೆಗೆ ಇರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಉಂಟು, ಪರಿಹಾರ ಉಂಟು.

ಚಿಕ್ಕಪ್ಪನವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ‘ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ’ ಅಂತ ದಿನಾ ಪ್ರಾರ್ಥಿಸುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನರಳದೆ ಹೋಗಬೇಕು, ಯಾರೆದುರೂ ಕೈಚಾಚದೆ ಬದುಕಬೇಕು ಅಂತ ಬಯಸುವುದು ಕಾಯಿಲೆಯಲ್ಲ. ಹಾಗೆ ಹೇಳುವ ಅಜ್ಜ ಸಂಜೆ ಮೊಮ್ಮಗನ ಪರೀಕ್ಷೆ ಹೇಗಾಯಿತು ಅಂತ ಕೇಳುತ್ತಾರೆ, ಹಪ್ಪಳ ಕರಿದರೆ ಇನ್ನೊಂದು ಹಾಕು ಅನ್ನುತ್ತಾರೆ. ನಾವು ನೋಡಬೇಕಾದ್ದು ಆ ಆಸಕ್ತಿಯನ್ನು. ಸಾವಿನ ಮಾತಿನ ಜೊತೆಗೆ ಊಟ, ನಿದ್ದೆ, ಜನ, ಕೆಲಸ ಎಲ್ಲದರ ಮೇಲಿನ ಆಸೆಯೂ ಹೋಗಿದ್ದರೆ ಅದು ಬೇರೆಯೇ ಸ್ಥಿತಿ. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಈ ಎರಡನೆಯದು.

ಒಬ್ಬರೇ ಇರುವುದು ಮತ್ತು ಒಂಟಿ ಅನ್ನಿಸುವುದು, ಈ ಎರಡನ್ನು ಸಂಶೋಧಕರು ಬೇರೆ ಬೇರೆಯಾಗಿಯೇ ಅಳೆಯುತ್ತಾರೆ. ಮೊದಲನೆಯದು ಹೊರಗಿನ ಸ್ಥಿತಿ: ಮನೆಯಲ್ಲಿ ಎಷ್ಟು ಜನ, ವಾರಕ್ಕೆ ಎಷ್ಟು ಭೇಟಿ. ಎರಡನೆಯದು ಒಳಗಿನ ನೋವು. ಆರು ಜನರ ಮನೆಯಲ್ಲಿ ಕೂತು ಯಾರೂ ಮಾತಾಡಿಸದೆ ಒಂಟಿಯಾದವರನ್ನು ನಾನು ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇರುತ್ತೇನೆ. ಎರಡೂ ಆರೋಗ್ಯಕ್ಕೆ ಕೆಟ್ಟದ್ದೇ. ಅಮೆರಿಕದ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟು ಸೇರಿಸಿ ನೋಡಿದರು. ಗಟ್ಟಿ ಸಂಬಂಧಗಳಿದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು 50 ಶೇಕಡಾ ಜಾಸ್ತಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಪ್ರಪಂಚದಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ.

ಆತ್ಮಹತ್ಯೆಯ ವಿಷಯಕ್ಕೆ ಬಂದರೆ, ಪ್ರಪಂಚದ ಹೆಚ್ಚಿನ ಕಡೆ ಅದರ ಪ್ರಮಾಣ ಅತಿ ಹೆಚ್ಚು ಇರುವುದು 70 ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ. ನಮ್ಮ ದೇಶದಲ್ಲಿ ಒಟ್ಟು ಸಂಖ್ಯೆಯಲ್ಲಿ ಕಿರಿಯರೇ ಜಾಸ್ತಿ, ಹಾಗಾಗಿ ಹಿರಿಯರ ಕಡೆ ಗಮನ ಹೋಗುವುದು ಕಡಿಮೆ. ಕಿರಿಯರಲ್ಲಿ ಪ್ರಯತ್ನಗಳು ಬಹಳ, ಸಾವು ಕಡಿಮೆ. ಹಿರಿಯರಲ್ಲಿ ಹಾಗಲ್ಲ. ಅವರು ಮುಂಚೆ ಸುಳಿವು ಕೊಡುವುದು ಕಡಿಮೆ, ದೇಹ ಚೇತರಿಸಿಕೊಳ್ಳುವುದೂ ಕಡಿಮೆ, ಮನೆಯಲ್ಲಿ ಕಾಪಾಡಲು ಇನ್ನೊಬ್ಬರು ಇರುವುದಿಲ್ಲ. ಆದ್ದರಿಂದ ಹಿರಿಯರ ವಿಷಯದಲ್ಲಿ ‘ನೋಡೋಣ, ಇನ್ನೊಂದು ಸಲ ಹೀಗೆ ಅಂದರೆ’ ಅಂತ ಕಾಯುವಂತಿಲ್ಲ.

ಕಾರಣ ಯಾವತ್ತೂ ಒಂದೇ ಇರುವುದಿಲ್ಲ. ರೋಚೆಸ್ಟರ್ ವಿಶ್ವವಿದ್ಯಾಲಯದ ಯೇಟ್ಸ್ ಕಾನ್ವೆಲ್ ಹಿರಿಯರ ಆತ್ಮಹತ್ಯೆ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಅವರು ಒಟ್ಟಿಗೆ ನೋಡಿ ಅನ್ನುವ ಐದು ಸಂಗತಿ ಇವು: ಖಿನ್ನತೆ, ದೇಹದ ಕಾಯಿಲೆ, ಕೈಲಾಗದಿರುವುದು, ಜನರಿಂದ ದೂರವಾಗುವುದು, ಮತ್ತು ಜೀವಕ್ಕೆ ಅಪಾಯ ತರುವ ವಸ್ತು ಕೈಗೆ ಸಿಗುವಂತಿರುವುದು. ಇವು ಒಂದರ ಮೇಲೊಂದು ಸೇರಿದಷ್ಟೂ ಅಪಾಯ ಹೆಚ್ಚು. ಥಾಮಸ್ ಜಾಯ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 2005ರಲ್ಲಿ ಮಂಡಿಸಿದ ವಿಚಾರ ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ‘ನನಗೆ ನನ್ನವರು ಅಂತ ಯಾರೂ ಇಲ್ಲ’ ಅನ್ನುವುದು ಒಂದು ನೋವು. ‘ನಾನಿದ್ದು ನನ್ನವರಿಗೆ ತೊಂದರೆ’ ಅನ್ನುವುದು ಇನ್ನೊಂದು. ಎರಡೂ ಒಟ್ಟಾದಾಗ, ಇದು ಬದಲಾಗುವುದೇ ಇಲ್ಲ ಅಂತ ಅನ್ನಿಸಿದಾಗ, ಬದುಕು ಬೇಡವಾಗುತ್ತದೆ.

ನನ್ನ ವೃತ್ತಿಯಲ್ಲಿ ಹಿರಿಯ ಗಂಡಸರ ಬಾಯಲ್ಲಿ ನಾನು ಹೆಚ್ಚು ಕೇಳಿರುವುದು ಈ ಎರಡನೆಯದನ್ನೇ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಅನ್ನುವ ದೂರಿಗಿಂತ, ಮಕ್ಕಳೇ ಎಲ್ಲ ಮಾಡುತ್ತಾರೆ, ನನ್ನಿಂದ ಏನೂ ಆಗುವುದಿಲ್ಲ ಅನ್ನುವ ಸಂಕಟ ಅದು. ನಿಮ್ಮ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ತೋಟ ಚೇಣಿಗೆ ಕೊಟ್ಟದ್ದು, ಹಸು ಕೊಟ್ಟದ್ದು ಎರಡೂ ಪ್ರೀತಿಯಿಂದ ಮಾಡಿದ್ದೇ. ಆದರೆ ಅವರ ಕಡೆಯಿಂದ ನೋಡಿ. ಅಮ್ಮ ಹೋದರು. ಬೆಳಿಗ್ಗೆ ಏಳುವುದಕ್ಕೆ ಕಾರಣವಾಗಿದ್ದ ಹಸು ಹೋಯಿತು. ಅಡಿಕೆ ಕೊನೆ ಇಳಿಸುವ ಕೊನೆಗಾರರಿಗೆ ಹೇಳಿ ಕಳಿಸುವುದು, ಮಳೆ ನೋಡಿ ಔಷಧಿ ಹೊಡೆಸುವುದು, ಸೊಸೈಟಿಯಲ್ಲಿ ಧಾರಣೆ ಕೇಳುವುದು, ಇಷ್ಟೆಲ್ಲ ನಿಂತಿತು. ಸೊಸೈಟಿಗೆ ಹೋಗುವುದಕ್ಕೆ ಅವರಿಗೆ ಈಗ ಏನು ನೆಪ ಉಳಿದಿದೆ? ನಾಲ್ಕು ಜನ ಸಿಗುತ್ತಿದ್ದದ್ದು ಆ ಕೆಲಸಗಳ ಮೂಲಕವೇ ಅಲ್ವಾ.

ತಂಗಿಯ ಹೆದರಿಕೆ ಬಹಳ ಮನೆಗಳಲ್ಲಿದೆ. ಕೆಲವು ವೈದ್ಯರಲ್ಲೂ ಇದೆ. ಆತ್ಮಹತ್ಯೆ ಬಗ್ಗೆ ಕೇಳುವುದರಿಂದ ಆ ಯೋಚನೆ ಹೆಚ್ಚುತ್ತದೆಯೇ ಅಂತ ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ 2014ರಲ್ಲಿ ಒಟ್ಟಿಗೆ ಪರಿಶೀಲಿಸಿದ್ದಾರೆ. ಹೆಚ್ಚುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಕೇಳಿದರೆ ಹಗುರಾಗುವವರೇ ಜಾಸ್ತಿ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡದ್ದನ್ನು ಹೇಳಲು ಯಾರೋ ಬಾಗಿಲು ತೆಗೆದಂತೆ.

ಆದರೆ ಇದನ್ನು ಫೋನಿನಲ್ಲಿ ಕೇಳಬೇಡಿ. ಅವರಿಗೆ ಕಿವಿ ಬೇರೆ ಮಂದ. ಊರಿಗೆ ಹೋಗಿ, ಒಂದು ರಾತ್ರಿಯಾದರೂ ಇರಿ, ಬೇರೆ ಯಾರೂ ಇಲ್ಲದಾಗ ಹತ್ತಿರ ಕೂತು ಶುರು ಮಾಡಿ. ‘ಅಪ್ಪಯ್ಯಾ, ಅಮ್ಮ ಹೋದ ಮೇಲೆ ನಿಮಗೆ ಬಹಳ ಕಷ್ಟ ಆಗಿದೆ ಅಂತ ನನಗೆ ಕಾಣ್ತಾ ಇದೆ. ಬೆಳಿಗ್ಗೆ ಎದ್ದೇಳೋದೇ ಬೇಡ ಅನ್ನಿಸಿದ್ದುಂಟಾ?’ ಹೌದು ಅಂದರೆ ಮುಂದಿನದನ್ನೂ ಕೇಳಿ. ‘ಜೀವ ತೆಗೆದುಕೊಳ್ಳೋಣ ಅಂತ ಯೋಚನೆ ಬಂದಿದೆಯಾ?’ ಅದಕ್ಕೂ ಹೌದು ಅಂದರೆ, ‘ಏನಾದರೂ ತೀರ್ಮಾನ ಮಾಡಿಕೊಂಡಿದ್ದೀರಾ?’ ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯಬಹುದು. ‘ಹಾಗೆಲ್ಲ ಮಾತಾಡಬಾರದು’, ‘ನಮಗೇನು ಕಮ್ಮಿ ಮಾಡಿದ್ದೇವೆ’, ‘ಅಮ್ಮ ಇದ್ದಿದ್ದರೆ ಏನು ಅಂದುಕೊಳ್ಳುತ್ತಿದ್ದರು’ ಇವು ಬಾಯಿಗೆ ಬಂದರೂ ಆಡಬೇಡಿ. ಮಾತು ಅಲ್ಲಿಗೇ ನಿಲ್ಲುತ್ತದೆ.

‘ದೇವರು ಕರೆದರೆ ಹೋಗುತ್ತೇನೆ, ನಾನಾಗಿ ಏನೂ ಮಾಡಿಕೊಳ್ಳುವುದಿಲ್ಲ’ ಅಂದರೆ ಉಸಿರಾಡಲು ಸ್ವಲ್ಪ ಸಮಯ ಇದೆ, ಕೆಲವು ದಿನದೊಳಗೆ ಡಾಕ್ಟರಿಗೆ ತೋರಿಸಿ. ಸಾಯಬೇಕು ಅನ್ನಿಸುತ್ತದೆ, ಆದರೆ ಹೇಗೆ ಯಾವಾಗ ಅಂತಿಲ್ಲ ಅಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ನೀವೋ ತಂಗಿಯೋ ಒಬ್ಬರು ಜೊತೆಗಿದ್ದು ಮರುದಿನವೇ ಆಸ್ಪತ್ರೆಗೆ ಹೋಗಿ. ತೀರ್ಮಾನ ಮಾಡಿಕೊಂಡಿರುವ ಸೂಚನೆ ಇದ್ದರೆ ಅದು ಎದೆನೋವಿನಷ್ಟೇ ತುರ್ತು. ಆ ಕ್ಷಣದಿಂದ ಯಾರಾದರೂ ಪಕ್ಕದಲ್ಲಿರಬೇಕು, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗೊಂದಲವಾದರೆ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸೇವೆ ಅದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಿ ಏನು ಮಾಡಲಿ ಅಂತ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಬೇಕು. ಅವರಿಗೆ ಸಿಗಬೇಕಾದ್ದು ಚಿಕಿತ್ಸೆ, ಶಿಕ್ಷೆಯಲ್ಲ.

ಅವರ ಉತ್ತರ ಏನೇ ಇರಲಿ, ಇದೊಂದನ್ನು ಈ ಭೇಟಿಯಲ್ಲೇ ಮಾಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಉಳಿದಿದ್ದರೆ ಪೂರ್ತಿ ಹೊರಗೆ ಸಾಗಿಸಿ. ತೋಟ ಹಿಡಿದವರಿಗೇ ಕೊಟ್ಟುಬಿಡಬಹುದು. ಬೀಗ ಹಾಕಿದರೆ ಸಾಕು ಅಂದುಕೊಳ್ಳಬೇಡಿ, ಬೀಗದ ಕೈ ಎಲ್ಲಿರುತ್ತದೆ ಅಂತ ಮನೆಯವರಿಗೆ ಗೊತ್ತಿರುತ್ತದೆ. ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದ ಫಲ 2017ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಅದೇ ದೇಶದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರವೇ ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು. ‘ಸಾಯಬೇಕು ಅಂದವರು ಹೇಗಾದರೂ ದಾರಿ ಹುಡುಕುತ್ತಾರೆ’ ಅನ್ನುವ ಮಾತು ಸುಳ್ಳು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆ ಗಳಿಗೆ ದಾಟಿದರೆ ಹೆಚ್ಚಿನವರು ಬದುಕುತ್ತಾರೆ. ಅಮ್ಮನ ಹಳೆಯ ಮಾತ್ರೆಗಳನ್ನು ತೆಗೆದುಹಾಕಿ, ಅಪ್ಪಯ್ಯನ ಮಾತ್ರೆ ಒಂದು ವಾರದ್ದಷ್ಟೇ ಮನೆಯಲ್ಲಿರಲಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಲೈಸೆನ್ಸ್ ಇರುವ ಕೋವಿ ಇರುತ್ತದೆ. ನಿಮ್ಮಲ್ಲೂ ಇದ್ದರೆ ಪೊಲೀಸ್ ಠಾಣೆಯಲ್ಲಿ ಕೇಳಿ ಜಮೆ ಮಾಡಿ. ಇದನ್ನೆಲ್ಲ ಕದ್ದುಮುಚ್ಚಿ ಮಾಡಬೇಡಿ. ‘ನೀವು ಹುಷಾರಾಗೋವರೆಗೆ ಇವು ಮನೇಲಿ ಬೇಡ, ನನಗೆ ಹೆದರಿಕೆ ಆಗ್ತದೆ’ ಅಂತ ಹೇಳಿಯೇ ಮಾಡಿ.

ಇನ್ನು ಚಿಕಿತ್ಸೆ. 2017-18ರಲ್ಲಿ ದೇಶದಾದ್ಯಂತ ನಡೆದ ಹಿರಿಯರ ಸಮೀಕ್ಷೆಯ (ಲಾಸಿ) ಒಂದು ಅಂಕಿ ನನ್ನನ್ನು ಯಾವಾಗಲೂ ಕಾಡುತ್ತದೆ. 60 ದಾಟಿದವರಲ್ಲಿ ಪ್ರಶ್ನಾವಳಿ ಮೂಲಕ ನೋಡಿದಾಗ ಸುಮಾರು 8.3 ಶೇಕಡಾ ಜನರಿಗೆ ಖಿನ್ನತೆ ಇರುವ ಸೂಚನೆ ಸಿಕ್ಕಿತು. ನಿಮಗೆ ಖಿನ್ನತೆ ಇದೆ ಅಂತ ವೈದ್ಯರು ಹೇಳಿದ್ದಾರಾ ಅಂತ ಕೇಳಿದರೆ ಹೌದು ಅಂದವರು 0.8 ಶೇಕಡಾ. ಅಂದರೆ ಹತ್ತರಲ್ಲಿ ಒಂಬತ್ತು ಜನರ ಕಾಯಿಲೆಗೆ ಹೆಸರೇ ಸಿಕ್ಕಿಲ್ಲ. ಹಿರಿಯರು ‘ಬೇಜಾರು’ ಅನ್ನುವುದಿಲ್ಲ. ನಿದ್ದೆ ಇಲ್ಲ, ಬಾಯಿ ರುಚಿ ಇಲ್ಲ, ಮೈಕೈ ನೋವು, ಗ್ಯಾಸ್ ಅನ್ನುತ್ತಾರೆ, ಆ ಮಾತಿಗೆ ತಕ್ಕ ಮಾತ್ರೆ ಬರೆದುಕೊಡುತ್ತಾರೆ. ಆತ್ಮಹತ್ಯೆಯಿಂದ ತೀರಿಕೊಂಡ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರ ಹಿಂದಿನ ಒಂದು ತಿಂಗಳೊಳಗೆ ಯಾವುದೋ ಸಾಮಾನ್ಯ ವೈದ್ಯರನ್ನು ಕಂಡಿದ್ದರು ಅಂತ ಪಶ್ಚಿಮ ದೇಶಗಳ ಅಧ್ಯಯನಗಳು ಹೇಳುತ್ತವೆ. ಹೋಗಿದ್ದರು, ಆದರೆ ಇದನ್ನು ಯಾರೂ ಕೇಳಲಿಲ್ಲ.

ಹಾಗಾಗಿ ನೀವು ಜೊತೆಗೆ ಹೋಗಿ, ನೀವೇ ಬಾಯಿಬಿಟ್ಟು ಹೇಳಿ. ಥೈರಾಯ್ಡ್, ಬಿ12, ಸೋಡಿಯಂ, ಶುಗರ್ ನೋಡಬೇಕು. ಇಳಿದ ತೂಕಕ್ಕೆ ಬೇರೆ ಕಾರಣ ಇದೆಯೇ ಅಂತ ಹುಡುಕಬೇಕು. ಮಾತ್ರೆ ಮರೆಯುವುದು ಬೇಸರದಿಂದಲೋ ಮರೆವಿನ ಕಾಯಿಲೆಯಿಂದಲೋ ಅಂತಲೂ ಪರೀಕ್ಷಿಸಬೇಕು. ಬೇಕೆಂದೇ ಬಿಡುತ್ತಿದ್ದಾರಾ ಅಂತ ಮೆಲ್ಲಗೆ ಕೇಳಿ. ಊಟ, ಮಾತ್ರೆ ಬಿಡುವುದು ಕೆಲವು ಹಿರಿಯರು ಬದುಕಿನಿಂದ ಸದ್ದಿಲ್ಲದೆ ಹಿಂದೆ ಸರಿಯುವ ರೀತಿಯೂ ಹೌದು.

ಖಿನ್ನತೆ ಅಂತ ಖಚಿತವಾದರೆ ಮಾತ್ರೆ ಒಂದು ದಾರಿ. ಅಭ್ಯಾಸ ಆಗಿಬಿಡುತ್ತದೆ ಅನ್ನುವ ಹೆದರಿಕೆ ಬೇಡ, ನಿದ್ದೆ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಇದೆ. ಈ ಮಾತ್ರೆಗಳಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅನ್ನುವ ಎಚ್ಚರಿಕೆ ಇರುವುದು 25ರ ಒಳಗಿನವರ ವಿಷಯದಲ್ಲಿ. 65 ದಾಟಿದವರಲ್ಲಿ ಅದು ಇಳಿಯುವುದೇ ಕಂಡಿದೆ. ಆದರೆ ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಹಿರಿಯರಲ್ಲಿ ಸೋಡಿಯಂ ಕಡಿಮೆಯಾಗಿ ಗೊಂದಲ ಆಗಬಹುದು, ತಲೆ ತಿರುಗಿ ಬೀಳಬಹುದು, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು. ಆದ್ದರಿಂದ ಕಡಿಮೆ ಪ್ರಮಾಣದಿಂದ ಶುರು ಮಾಡಿ, ಕೆಲವು ವಾರಕ್ಕೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಅವರು ಒಬ್ಬರೇ ಇರಬಾರದು.

ಮಾತಿನ ಚಿಕಿತ್ಸೆಯೂ ಕೆಲಸ ಮಾಡುತ್ತದೆ. ಗೋವಾದ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯ ಸಣ್ಣಪುಟ್ಟ ಲಕ್ಷಣ ಇದ್ದ 181 ಹಿರಿಯರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು, ಡಾಕ್ಟರಲ್ಲ, ಹಿರಿಯರ ಜೊತೆ ಕೂತು ದಿನನಿತ್ಯದ ಸಮಸ್ಯೆ ಬಿಡಿಸುವುದನ್ನು ಹೇಳಿಕೊಟ್ಟರು, ನಿದ್ದೆ ಸರಿಪಡಿಸಿದರು, ಸರ್ಕಾರದ ಸೌಲಭ್ಯ ಕೊಡಿಸಿದರು. ವರ್ಷದೊಳಗೆ ಖಿನ್ನತೆಗೆ ಜಾರಿದವರು ಆ ಗುಂಪಿನಲ್ಲಿ ಸುಮಾರು 4 ಶೇಕಡಾ, ಈ ನೆರವು ಸಿಗದ ಇನ್ನೊಂದು ಗುಂಪಿನಲ್ಲಿ 14 ಶೇಕಡಾ. ನಮ್ಮ ಪಕ್ಕದ ರಾಜ್ಯದಲ್ಲೇ ಆಗಿದೆ ಇದು.

ಬೆಂಗಳೂರಿಗೆ ಕರೆತರಬೇಕೇ? ಅಪಾಯದ ಸೂಚನೆ ಇದ್ದರೆ ಹೌದು, ಸದ್ಯಕ್ಕೆ ಕರೆತನ್ನಿ, ಅಥವಾ ನೀವು ಅಲ್ಲಿರಿ. ಆದರೆ ಶಾಶ್ವತವಾಗಿ ಬರುವ ತೀರ್ಮಾನವನ್ನು ಈಗ ಮಾಡಬೇಡಿ, ಮನೆ-ತೋಟ ಮಾರುವ ಮಾತಂತೂ ಎತ್ತಲೇಬೇಡಿ. ನೀವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಟಿವಿ ಮುಂದೆ ಕೂತರೆ ಅವರ ಒಂಟಿತನ ಕಡಿಮೆ ಆಗುವುದಿಲ್ಲ. ‘ಭಾರ’ ಅನ್ನುವ ಭಾವನೆ ಹೆಚ್ಚಲೂಬಹುದು, ಲೋಟ ತೊಳೆಯಲೂ ಬಿಡದ ಮನೆಯಾದರೆ ಖಂಡಿತ ಹೆಚ್ಚುತ್ತದೆ. ಊರಲ್ಲೇ ಬಿಟ್ಟರೆ ರಾತ್ರಿ ಒಬ್ಬರೇ, ಬಿದ್ದರೆ ನೋಡುವವರಿಲ್ಲ, ಅದೂ ನಿಜ. ನನ್ನ ಸಲಹೆ ಕೇಳಿದರೆ, ಚಿಕಿತ್ಸೆಯ ಮೊದಲ ಎರಡು ಮೂರು ತಿಂಗಳು ನಿಮ್ಮಲ್ಲಿ ಮತ್ತು ತಂಗಿಯಲ್ಲಿ ಇರಲಿ, ‘ಹುಷಾರಾದ ಮೇಲೆ ಊರಿಗೆ’ ಅಂತ ಮೊದಲೇ ಹೇಳಿ. ಅಮ್ಮನ ವರ್ಷಾಂತಿಕದ ಹೊತ್ತಿಗೆ ಊರಿಗೆ ಎಲ್ಲರೂ ಒಟ್ಟಿಗೆ ಹೋಗಿ, ಆ ದಿನಗಳು ಅವರಿಗೆ ಭಾರಿ ಕಷ್ಟದವು. ಆಮೇಲೆ ರಾತ್ರಿ ಮಲಗಲು ಯಾರಾದರೂ ಸಿಗುತ್ತಾರಾ ನೋಡಿ, ಎಲ್ಲಿರಬೇಕು ಅನ್ನುವುದನ್ನು ಅವರೇ ಹೇಳಲಿ.

ಫೋನ್ ಕರೆಯನ್ನು ಕಡೆಗಣಿಸಬೇಡಿ. ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಡಿಯೆಗೊ ಡಿ ಲಿಯೊ ಮತ್ತು ಸಂಗಡಿಗರು ಒಂದು ಸೇವೆಯನ್ನು 11 ವರ್ಷ ಗಮನಿಸಿದರು. ಹಿರಿಯರಿಗೆ ವಾರಕ್ಕೆರಡು ಸಲ ತರಬೇತಾದವರಿಂದ ಕರೆ, ತುರ್ತಿಗೆ ಒತ್ತಲು ಒಂದು ಗುಂಡಿ. 18,641 ಜನರಲ್ಲಿ ಸುಮಾರು 21 ಆತ್ಮಹತ್ಯೆ ಆಗಬಹುದಿತ್ತು ಅನ್ನುವ ಲೆಕ್ಕಕ್ಕೆ ಆದದ್ದು ಆರು. ಲಾಭ ಕಂಡದ್ದು ಮುಖ್ಯವಾಗಿ ಹೆಂಗಸರಲ್ಲಿ. ಗಂಡಸರಿಗೆ ‘ಹೇಗಿದ್ದೀರಿ’ ಅಂದರೆ ‘ಆರಾಮು’ ಅಂತ ಉತ್ತರ ಬರುತ್ತದೆ, ಮಾತು ಮುಗಿಯುತ್ತದೆ. ಟೆಕ್ಸಾಸ್‌ನಲ್ಲಿ 2020ರಲ್ಲಿ ನಡೆದ ಇನ್ನೊಂದು ಪ್ರಯೋಗ ಇದಕ್ಕೆ ದಾರಿ ತೋರಿಸುತ್ತದೆ. ಹದಿನೇಳರಿಂದ ಇಪ್ಪತ್ತಮೂರು ವಯಸ್ಸಿನ ಹುಡುಗ ಹುಡುಗಿಯರು ಹಿರಿಯರಿಗೆ ನಾಲ್ಕು ವಾರ ಚಿಕ್ಕ ಚಿಕ್ಕ ಕರೆ ಮಾಡಿದರು. ವಿಷಯ ಯಾವುದು, ವಾರಕ್ಕೆ ಎಷ್ಟು ಸಲ ಅನ್ನುವುದನ್ನು ಹಿರಿಯರಿಗೇ ಬಿಟ್ಟರು. ಒಂಟಿತನವೂ ಖಿನ್ನತೆಯೂ ಇಳಿದವು. ನಿಮ್ಮ ಮಕ್ಕಳಿಗೆ ಹೇಳಿ, ‘ಅಜ್ಜಾ, ಕೊಳೆರೋಗ ಬರದಿರಲಿಕ್ಕೆ ಏನು ಮಾಡ್ತಾರೆ’ ಅಂತ ಕೇಳಲಿ. ಅದಕ್ಕಿಂತ ಮೊದಲು ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ. ಎಷ್ಟೋ ಸಲ ಬರೀ ಗುಗ್ಗೆ ತೆಗೆದರೆ, ಅಥವಾ ಶ್ರವಣ ಸಾಧನ ಹಾಕಿದರೆ ಅರ್ಧ ಜಗತ್ತು ವಾಪಸ್ ಬರುತ್ತದೆ.

ಚೇಣಿ ಈ ವರ್ಷಕ್ಕೆ ಆಗಿದೆ, ಇರಲಿ. ಆದರೆ ಅವರು ಊರಿಗೆ ಮರಳಿದ ಮೇಲೆ ತೋಟಕ್ಕೆ ವಾರಕ್ಕೆರಡು ಸಲ ಹೋಗಿ ನೋಡಿ ನಿಮಗೆ ವರದಿ ಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಿ, ಅವರು ಹೇಳಿದ್ದನ್ನು ನಿಜಕ್ಕೂ ಪಾಲಿಸಿ. ಸಸಿಮಡಿ ಮಾಡಿಸಲಿ. ಪಹಣಿ, ಪಾಸ್‌ಬುಕ್ ಎಲ್ಲ ತಿರುಗಿ ಅವರ ಕೈಗೆ ಕೊಡಿ, ‘ಇದು ನೀವೇ ನೋಡಿಕೊಳ್ಳಬೇಕು, ನನಗೆ ತಿಳಿಯುವುದಿಲ್ಲ’ ಅನ್ನಿ. ಸುಮ್ನೆ ಸಮಾಧಾನಕ್ಕೆ ಕೊಟ್ಟ ಕೆಲಸ ಆಗಬಾರದು, ಹಿರಿಯರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಕೇಳಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಆ ಏರ್ಪಾಡು ಇರುತ್ತದೆ. ಇಲ್ಲದಿದ್ದರೆ ಶಿವಮೊಗ್ಗಕ್ಕೆ ಕರೆದೊಯ್ಯಿರಿ. ಪಿಂಚಣಿ, ಆರೈಕೆ, ಕಾನೂನಿನ ವಿಚಾರಕ್ಕೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಆರು ತಿಂಗಳ ಹಿಂದಿನ ತೂಕ ಎಷ್ಟು, ಈಗ ಎಷ್ಟು, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಯಾವ ಯಾವ ಮಾತ್ರೆ, ಕುಡಿಯುವ ಅಭ್ಯಾಸ ಇದೆಯೇ, ಮನೆತನದಲ್ಲಿ ಹಿಂದೆ ಯಾರಾದರೂ ಜೀವ ಕಳೆದುಕೊಂಡಿದ್ದಾರೆಯೇ. ಮತ್ತು ಬ್ಯಾಂಕಿನ ಕಾಗದ ಕೊಟ್ಟ ದಿನ ಅವರು ಆಡಿದ ಮಾತನ್ನು, ಅವರು ಆಡಿದ ಹಾಗೆಯೇ, ಮೊದಲ ಸಾಲಿನಲ್ಲೇ ಬರೆಯಿರಿ.